ಕಪ್ಪಾದರೂ ಲಕ್ಷಣ

ಕನ್ನಡದಲ್ಲಿ 'ಆದರೂ' ಎಂಬುದೊಂದು ಮಾತಿದೆ. ವ್ಯಾಕರಣದ ಪುಸ್ತಕದಲ್ಲಿ ಅದು ಬಹಳ ಸಾಧು. ಎರಡು ಸಂಗತಿಗಳ ನಡುವೆ ಕುಳಿತು, ಮೊದಲನೆಯದನ್ನು ಕೇಳಿ ನೀವು ಎದುರುನೋಡಿದ್ದು ಎರಡನೆಯದರಲ್ಲಿ ನಡೆಯಲಿಲ್ಲ ಎಂದು ತಿಳಿಸುವುದಷ್ಟೇ ಅದರ ಕೆಲಸ. ಬಡವನಾದರೂ ದಾನಿ, ಮುದುಕನಾದರೂ ಗಟ್ಟಿಗ. ಇಪ್ಪತ್ತು ವರ್ಷಗಳಿಂದ ಇದನ್ನು ತರಗತಿಯಲ್ಲಿ ಹೇಳಿಕೊಡುತ್ತ ಬಂದಿದ್ದೇನೆ. ಆದರೆ ಪುಸ್ತಕ ಮುಚ್ಚಿಟ್ಟು ಯಾವುದಾದರೊಂದು ಮದುವೆಮನೆಯ ಪಂಕ್ತಿಯಲ್ಲಿ ಊಟಕ್ಕೆ ಕುಳಿತರೆ ಇದೇ ಸಾಧು ಮಾತು ಚೂರಿಯಾಗುವುದನ್ನು ಕಾಣಬಹುದು. "ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ." ಆಡಿದವರು ತಾವು ಹೊಗಳಿದೆವೆಂದೇ ತಿಳಿದು ಹೋಳಿಗೆಯ ಕಡೆ ಗಮನ ಕೊಡುತ್ತಾರೆ. ಬಡಿಸುತ್ತಿದ್ದ ಹುಡುಗಿಗೆ ಮಾತ್ರ ವ್ಯಾಕರಣ ಚೆನ್ನಾಗಿ ಅರ್ಥವಾಗಿರುತ್ತದೆ: ಕಪ್ಪಗಿರುವವಳಿಗೆ ಲಕ್ಷಣ ಇರಕೂಡದು, ತನಗೆ ಹೇಗೋ ಇದೆ, ತಾನು ನಿಯಮಕ್ಕೊಂದು ಅಪವಾದ.

ಈ 'ಆದರೂ' ಬಣ್ಣಕ್ಕೆ ಮಾತ್ರ ಮೀಸಲಲ್ಲ. ದಪ್ಪಗಿದ್ದರೂ ಚಟುವಟಿಕೆ, ಕುಳ್ಳಗಿದ್ದರೂ ಕಳೆ, ಹಲ್ಲು ಸ್ವಲ್ಪ ಮುಂದಿದ್ದರೂ ನಗುಮುಖ. ಗಂಡುಮಕ್ಕಳ ವಿಷಯಕ್ಕೆ ಬಂದಾಗ ನಮ್ಮವರ ವಾಕ್ಯರಚನೆಯೇ ಬೇರೆ. "ಹುಡುಗ ಕಪ್ಪಗಿದ್ದಾನೆ, ಇಂಜಿನಿಯರು." ಅಲ್ಲಿ ಒಂದು ಅಲ್ಪವಿರಾಮದಿಂದ ಕೆಲಸ ಮುಗಿಯುತ್ತದೆ.

ಹೆಣ್ಣುಮಕ್ಕಳು ತಮ್ಮ ಮೈಯ ಬಗ್ಗೆ ತಾವೇ ಅಸಹ್ಯಪಟ್ಟುಕೊಂಡು ಮನಸ್ಸು ಕೆಡಿಸಿಕೊಳ್ಳುತ್ತಿದ್ದಾರೆ ಎಂಬ ಆತಂಕ ಈಚೆಗೆ ಸಭೆಗಳಲ್ಲಿ, ಉಪನ್ಯಾಸಗಳಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಆತಂಕ ಸಾಚಾ, ಅದರಲ್ಲಿ ನನಗೆ ತಕರಾರಿಲ್ಲ. ತಕರಾರು ಇರುವುದು ರೋಗ ಎಲ್ಲಿದೆ ಎಂಬುದರ ಬಗ್ಗೆ. ಒಬ್ಬರು ಸಿನಿಮಾದಲ್ಲಿದೆ ಎನ್ನುತ್ತಾರೆ, ಇನ್ನೊಬ್ಬರು ಮೊಬೈಲಿನಲ್ಲಿದೆ ಎನ್ನುತ್ತಾರೆ, ಮತ್ತೊಬ್ಬರು ಹುಡುಗಿಯ ದುರ್ಬಲ ಮನಸ್ಸಿನಲ್ಲಿಯೇ ಇದೆ ಎಂದು ತೀರ್ಪು ಕೊಟ್ಟು ಅವಳಿಗೆ ಆತ್ಮವಿಶ್ವಾಸದ ಕಷಾಯ ಕುಡಿಸಲು ಹೊರಡುತ್ತಾರೆ. ರೋಗ ಇರುವುದು ನಮ್ಮ ಪಡಸಾಲೆಯಲ್ಲಿ, ನಮ್ಮ ನಾಲಗೆಯ ಮೇಲೆ ಎಂಬುದನ್ನು ಒಪ್ಪಲು ಯಾರೂ ಸಿದ್ಧರಿಲ್ಲ. ನಾಲಗೆ ನನ್ನ ಕಸುಬಿಗೆ ಸೇರಿದ ವಸ್ತುವಾದ್ದರಿಂದ ಇಷ್ಟು ಹೇಳುವ ಧೈರ್ಯ ಮಾಡಿದ್ದೇನೆ.

ಪತ್ರಿಕೆಗಳ ವಧೂವರರ ಅಂಕಣವನ್ನು ಒಮ್ಮೆ ಭಾಷೆಗಾಗಿಯೇ ಓದಿ ನೋಡಿ. 'ಎಣ್ಣೆಗೆಂಪು' ಎಂಬ ಸೊಗಸಾದ ಅಚ್ಚಗನ್ನಡ ಮಾತು ನಮ್ಮಲ್ಲಿತ್ತು. ಅದು ಹೋಗಿ 'ಗೋಧಿ ಬಣ್ಣ' ಬಂದು ಕೂತಿತು. ಹಳೆಯ ಮೈಸೂರಿನವರು ತಲತಲಾಂತರದಿಂದ ತಿಂದದ್ದು ರಾಗಿ, ಉತ್ತರದವರು ತಿಂದದ್ದು ಜೋಳ, ಕರಾವಳಿಯವರು ತಿಂದದ್ದು ಕುಚ್ಚಲಕ್ಕಿ. ಆದರೆ ಹೆಣ್ಣಿನ ಬಣ್ಣಕ್ಕೆ ಮಾತ್ರ ಗೋಧಿಯೇ ಆಗಬೇಕಾಯಿತು. ರಾಗಿ ಬಣ್ಣದ ವಧು ಇದ್ದಾಳೆಂದು ಯಾವ ತಂದೆಯೂ ಜಾಹೀರಾತು ಕೊಟ್ಟದ್ದನ್ನು ನಾನು ಕಂಡಿಲ್ಲ. ರಾಗಿಮುದ್ದೆಯೇನೋ ಈಗ ದೊಡ್ಡ ಹೋಟೆಲುಗಳ ಆಹಾರಪಟ್ಟಿಗೂ ಏರಿದೆ. ಇದೇ 'ಗೋಧಿ ಬಣ್ಣ'ವನ್ನು ನಾವು ಇನ್ನೊಂದು ಕಡೆಯೂ ಓದುತ್ತೇವೆ: 'ಕಾಣೆಯಾಗಿದ್ದಾರೆ' ಎಂಬ ಪೊಲೀಸು ಪ್ರಕಟಣೆಯಲ್ಲಿ. ಗೋಧಿ ಬಣ್ಣ, ಸಾಧಾರಣ ಮೈಕಟ್ಟು, ದುಂಡು ಮುಖ. ಈ ಒಕ್ಕಣೆ ಎಷ್ಟು ಮನೆಮಾತಾಗಿದೆ ಎಂದರೆ ೨೦೧೬ರಲ್ಲಿ ತಪ್ಪಿಸಿಕೊಂಡ ವೃದ್ಧರೊಬ್ಬರ ಕಥೆಯ ಕನ್ನಡ ಚಲನಚಿತ್ರಕ್ಕೆ ಅದೇ ಹೆಸರಾಯಿತು. ಮದುವೆಗೆ ನಿಂತ ಹುಡುಗಿಯನ್ನೂ ಕಳೆದುಹೋದ ಮನುಷ್ಯನನ್ನೂ ಒಂದೇ ಮಾತಿನಲ್ಲಿ ಬಣ್ಣಿಸುವ ಭಾಷೆ ಪ್ರಪಂಚದಲ್ಲಿ ಇನ್ನೆಷ್ಟಿವೆಯೋ!

ಈ ಮಾತೆತ್ತಿದೊಡನೆ "ಇದು ನಮ್ಮ ಪರಂಪರೆ, ಬಿಳುಪನ್ನು ಮೆಚ್ಚುವುದು ಮನುಷ್ಯಸ್ವಭಾವ" ಎನ್ನುವವರು ಏಳುತ್ತಾರೆ. ಯಾವ ಪರಂಪರೆ ಸ್ವಾಮಿ? ಐವರು ವೀರರು ಕೈಹಿಡಿದ ದ್ರೌಪದಿಯ ಹೆಸರೇ ಕೃಷ್ಣೆ. ಕಪ್ಪಗಿದ್ದಳೆಂದೇ ಆ ಹೆಸರು. ಅವಳ ಸ್ವಯಂವರಕ್ಕೆ ಭೂಮಂಡಲದ ರಾಜರೆಲ್ಲ ನೆರೆದಿದ್ದರು, ಬಣ್ಣ ಸ್ವಲ್ಪ ಕಡಿಮೆ ಎಂದು ಯಾರೂ ಜಾತಕ ಹಿಂದಿರುಗಿಸಿದ ವರದಿಯಿಲ್ಲ. ರಾಮ ಶ್ಯಾಮಲ, ಕೃಷ್ಣನ ಹೆಸರಲ್ಲೇ ಕಪ್ಪು. ಕರಿಯಮ್ಮ, ಕಾಳಮ್ಮ ಎಂದು ಹಳ್ಳಿ ಹಳ್ಳಿಯಲ್ಲಿ ಗುಡಿ ಕಟ್ಟಿ ಕೈಮುಗಿದ ಜನ ನಾವು. ಕೆಂಪಮ್ಮ ಎಂದು ಹೆಸರಿಟ್ಟಷ್ಟೇ ಸಲೀಸಾಗಿ ಕರಿಯಮ್ಮ ಎಂದು ಮಗಳಿಗೆ ಹೆಸರಿಡುತ್ತಿದ್ದ ಕಾಲವೊಂದಿತ್ತು. ಈಗ ಆ ಹೆಸರು ದೇವಿಗೆ ಮಾತ್ರ ಉಳಿದಿದೆ.

ಕಾಳಿದಾಸನ ಯಕ್ಷ ತನ್ನ ಪ್ರಿಯೆಯ ಗುರುತು ಹೇಳುವಾಗ ಅವಳನ್ನು 'ಶ್ಯಾಮಾ' ಎನ್ನುತ್ತಾನೆ. ವ್ಯಾಖ್ಯಾನಕಾರನಾದ ಮಲ್ಲಿನಾಥ ಅಲ್ಲಿಗೆ ಬಂದು, ಶ್ಯಾಮಾ ಎಂದರೆ ತರುಣಿ ಎಂದು ಕೋಶದ ಆಧಾರ ಕೊಟ್ಟು ಮುಂದೆ ಹೋಗುತ್ತಾನೆ. ಮಲ್ಲಿನಾಥ ಮಹಾಪಂಡಿತ, ಆ ಅರ್ಥವೂ ಸಾಧುವೇ. ಆದರೂ (ಈ ಒಂದು 'ಆದರೂ'ವನ್ನು ನಾನು ಬಳಸಿಕೊಳ್ಳುತ್ತೇನೆ) ಯಕ್ಷಿಯ ಬಣ್ಣ ಹೀಗೆ ಕೋಶದ ಹಿಂದೆ ಮರೆಯಾದದ್ದನ್ನು ಓದುವಾಗಲೆಲ್ಲ ನನಗೆ ಇಂದಿನ ಸ್ಟುಡಿಯೋದಲ್ಲಿ ವಧುವಿನ ಫೋಟೋ ತಿದ್ದುವವನ ನೆನಪಾಗುತ್ತದೆ.

ನಮ್ಮ ಕವಿಗಳೇನು ಪೂರ್ತಿ ನಿರಪರಾಧಿಗಳಲ್ಲ. ನಖಶಿಖಾಂತ ವರ್ಣನೆಯ ಪದ್ಯಗಳನ್ನು ಪಾಠ ಮಾಡಿದವರಿಗೆ ಅದು ಗೊತ್ತು. 'ಬಡನಡು' ಎಂಬ ಮಾತು ಬಂದಾಗ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಬರುತ್ತದೆ. ಇಡೀ ದೇಶದ ಬಡತನ ಸಾಲದೆಂದು ಹೆಣ್ಣಿನ ನಡುವಿಗೂ ಬಡತನ ತಂದವರು ಅವರು. ಆದರೆ ಕವಿಗಳ ಪರವಾಗಿ ಒಂದು ಮಾತು ಹೇಳಬೇಕು. ಅವರ ನಾಯಕಿಯರೆಲ್ಲ ಒಂದೇ ಎರಕದವರು. ಕಾವ್ಯದಿಂದ ಕಾವ್ಯಕ್ಕೆ ಅದೇ ಕಣ್ಣು, ಅದೇ ನಡು, ಅದೇ ನಡಿಗೆ. ಅದು ಕವಿಸಮಯವೆಂಬುದು ಬರೆದವನಿಗೂ ಕೇಳಿದವನಿಗೂ ತಿಳಿದಿತ್ತು. ಪದ್ಯ ಕೇಳಿ ಮನೆಗೆ ಹೋದ ಮನುಷ್ಯ ನೂಲು ಹಿಡಿದು ನೆಂಟರ ಮಗಳ ಸೊಂಟ ಅಳೆಯುತ್ತಿರಲಿಲ್ಲ. ಇಂದು ಅಳೆಯುವುದೇ ಉಳಿದಿದೆ, ಪದ್ಯ ಹೋಗಿದೆ.

ಇನ್ನು ಮನುಷ್ಯಸ್ವಭಾವದ ಮಾತು. ಸ್ವಭಾವ ಎಂಬುದು ಎರಡು ತಲೆಮಾರಿನಲ್ಲಿ ತಲೆಕೆಳಗಾಗುವುದಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ 'ಮೈಕೈ ತುಂಬಿಕೊಂಡಿದ್ದಾಳೆ' ಎಂದರೆ ಅದು ಹರಕೆ, ಮೆಚ್ಚಿಕೆ. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಮಗಳನ್ನು ನೋಡಿ ಊರಿನವರು ಹಾಗೆಂದರೆ ತವರಿನ ಮರ್ಯಾದೆ ಉಳಿಯಿತೆಂದು ತಾಯಿ ನಿಟ್ಟುಸಿರು ಬಿಡುತ್ತಿದ್ದಳು. 'ಸೊರಗಿದ್ದಾಳೆ' ಎಂದರೆ ಮನೆಮಂದಿಗೆಲ್ಲ ಅವಮಾನ. ಈಗ ಅದೇ ಮನೆಯಲ್ಲಿ ಹೆರಿಗೆಯಾದ ಮೂರನೆಯ ತಿಂಗಳಿಗೆ "ಏನೇ, ಇಷ್ಟೊಂದು ಊದಿದ್ದೀಯ?" ಎಂಬ ಪ್ರಶ್ನೆ ಬರುತ್ತದೆ, ಸೊರಗಿದವಳಿಗೆ "ಸ್ಲಿಮ್ ಆಗಿದ್ದೀಯಲ್ಲ, ಏನು ಮಾಡಿದೆ?" ಎಂಬ ಅಭಿನಂದನೆ. ಕಾಹಿಲೆ ಬಿದ್ದು ಸೊರಗಿದವಳಿಗೂ ಇದೇ ಅಭಿನಂದನೆ ಸಿಕ್ಕದ್ದನ್ನು ನಾನು ಬಲ್ಲೆ. ಬಯ್ಗುಳ ಹೊಗಳಿಕೆಗಳು ಹೀಗೆ ಜಾಗ ಬದಲಾಯಿಸಿದ್ದನ್ನು ಕಂಡ ಮೇಲೂ ಸೌಂದರ್ಯದ ಸನಾತನ ನಿಯಮಗಳೆಂದು ಮಾತಾಡುವವರಿಗೆ ಏನು ಹೇಳುವುದು? ಬದಲಾಗದೆ ಉಳಿದದ್ದು ಒಂದೇ: ಹೆಣ್ಣಿನ ಮೈಯ ಬಗ್ಗೆ ತೀರ್ಪು ಕೊಡುವ ಹಕ್ಕು ಹಾದಿಯಲ್ಲಿ ಹೋಗುವವರಿಗೂ ಉಂಟು ಎಂಬ ನಂಬಿಕೆ.

ತೀರ್ಪು ಶುರುವಾಗುವುದು ಹುಟ್ಟುವುದಕ್ಕೂ ಮುಂಚೆ. ಬಸುರಿಗೆ ಕೇಸರಿ ಹಾಲು ಕೊಡುವುದು ಮಗು ಬೆಳ್ಳಗಾಗಲಿ ಎಂದು. ಚರ್ಮದ ಬಣ್ಣ ನಿಂತಿರುವುದು ಮೆಲನಿನ್ ಎಂಬ ವರ್ಣದ್ರವ್ಯದ ಮೇಲೆ. ಅದನ್ನು ತಯಾರಿಸುವ ಜೀವಕೋಶಗಳು ಬಿಳಿಯರಲ್ಲೂ ಕರಿಯರಲ್ಲೂ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿವೆ, ಅವು ಎಷ್ಟು ತಯಾರಿಸುತ್ತವೆ ಎಂಬುದನ್ನು ತಂದೆತಾಯಿಗಳಿಂದ ಬಂದ ವಂಶವಾಹಿಗಳು ನಿರ್ಧರಿಸುತ್ತವೆ. ಈ ನೆಲದ ಬಿಸಿಲಿನಿಂದ ಚರ್ಮವನ್ನು ಕಾಯುವ ಕೊಡೆ ಅದು. ಹಾಲಿಗೆ ಹಾಕಿದ ಕೇಸರಿ ಹಾಲಿನ ಬಣ್ಣವನ್ನು ಬದಲಾಯಿಸುತ್ತದೆ, ಮಗುವಿನದನ್ನಲ್ಲ. ಆಮೇಲೆ ಮಗು ಬೆಳೆಯುತ್ತದೆ. "ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀ" ಎಂಬುದು ಅದು ಕಲಿಯುವ ಮೊದಲ ಭೂಗೋಳ ಪಾಠ. ಖೋಖೋ ಆಡುತ್ತಿದ್ದ ಹುಡುಗಿ ಎಂಟನೆಯ ತರಗತಿಗೆ ಮೈದಾನ ಬಿಡುತ್ತಾಳೆ. ಅಣ್ಣ ಮಾತ್ರ ಆಡುತ್ತಲೇ ಇರುತ್ತಾನೆ. ರಜೆಗೆ ಊರಿಗೆ ಹೋದರೆ ಸೋದರತ್ತೆಯ ಸ್ವಾಗತ: "ಏನಮ್ಮ, ಇಷ್ಟು ಕಪ್ಪಾಗಿಬಿಟ್ಟಿದ್ದೀ? ಹಾಸ್ಟೆಲಿನಲ್ಲಿ ಊಟ ಸರಿಯಿಲ್ಲವೇ?" ಓದುತ್ತಿರುವ ಪುಸ್ತಕ ಯಾವುದು ಎಂದು ಕೇಳುವ ಹೊತ್ತಿಗೆ ಕಾಫಿ ತಣ್ಣಗಾಗಿರುತ್ತದೆ.

'ಹೆತ್ತವರಿಗೆ ಹೆಗ್ಗಣ ಮುದ್ದು' ಎಂಬ ಗಾದೆಯನ್ನು ನಾವು ಲೇವಡಿಗಾಗಿ ಬಳಸುತ್ತೇವೆ. ನನಗೆ ಈಗ ಅದು ಕಳೆದುಹೋದ ಒಂದು ಸುವರ್ಣಯುಗದ ವರದಿಯಂತೆ ಕಾಣುತ್ತದೆ. ಇಂದು ಹೆತ್ತವರೇ ಮೊದಲ ಪರೀಕ್ಷಕರು.

ಇದರ ಫಲವನ್ನು ನಾವು ಉಪಾಧ್ಯಾಯರು ದಿನವೂ ಕಾಣುತ್ತೇವೆ. ಸೊಗಸಾಗಿ ಪದ್ಯ ಓದಬಲ್ಲವಳು ವೇದಿಕೆಗೆ ಬರುವುದಿಲ್ಲ. ತರಗತಿಯ ಗುಂಪು ಫೋಟೋ ತೆಗೆಯುವ ದಿನ ಗೈರುಹಾಜರಾಗುವವರು ಯಾರು ಯಾರು ಎಂದು ಮೊದಲೇ ಹೇಳಬಹುದು. ಮಧ್ಯಾಹ್ನ ಡಬ್ಬಿ ತೆರೆಯದೆ ನೀರು ಕುಡಿದು ಕೂರುವವಳನ್ನು ಕೇಳಿದರೆ "ಹಸಿವಿಲ್ಲ ಮೇಡಂ." ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆ, ಕರ್ನಾಟಕದಲ್ಲಿ ಅದು ಅರ್ಧಕ್ಕೆ ಸಮೀಪ. ರಕ್ತವಿಲ್ಲದ ಹೆಣ್ಣುಗಳ ನಾಡಿನಲ್ಲಿ ಹುಡುಗಿಯೊಬ್ಬಳು ಅನ್ನದ ಡಬ್ಬಿಯನ್ನು ಶತ್ರುವಿನಂತೆ ಕಾಣುವುದೆಂದರೆ ಅದು ಸಣ್ಣ ಮಾತಲ್ಲ. ಕನ್ನಡಿಯ ಮುಂದೆ ಗಂಟೆಗಟ್ಟಲೆ ನಿಲ್ಲುವವಳಷ್ಟೇ, ಕನ್ನಡಿಯನ್ನೇ ಕಂಡರಾಗದವಳೂ ಈ ಪೈಕಿಯವಳೇ. ಅಂಕ ಕಡಿಮೆಯಾಗುತ್ತದೆ, ನಿದ್ದೆ ಹೋಗುತ್ತದೆ, ಮಾತು ನಿಲ್ಲುತ್ತದೆ. ಮನೆಯವರು "ದೇವರು ಎಲ್ಲಾ ಕೊಟ್ಟಿದ್ದಾನೆ, ನಿನಗೇನು ಕಡಿಮೆ?" ಎನ್ನುತ್ತಾರೆ. ಏನು ಕಡಿಮೆ ಎಂಬುದನ್ನು ಹದಿನೆಂಟು ವರ್ಷ ದಿನಕ್ಕೊಂದರಂತೆ ಹೇಳಿಕೊಟ್ಟವರು ಇವರೇ!

ವ್ಯಾಪಾರಿಗಳು ಬಂದದ್ದು ಆಮೇಲೆ. ಮುಂಬಯಿಯಲ್ಲಿ 'ಅಫ್ಘಾನ್ ಸ್ನೋ' ಹುಟ್ಟಿದ್ದು ೧೯೧೯ರಲ್ಲಿ; 'ಫೇರ್ ಅಂಡ್ ಲವ್ಲಿ' ಬಂದದ್ದು ೧೯೭೫ರಲ್ಲಿ. ಗಂಡುಮಗನಿಲ್ಲವೆಂದು ಕೊರಗುವ ತಂದೆಯ ಮಗಳು ಬಣ್ಣ ತಿದ್ದಿಕೊಂಡು ಗಗನಸಖಿಯಾಗುವ ಅದರ ಜಾಹೀರಾತು ಹಲವರಿಗೆ ನೆನಪಿರಬಹುದು. ಮಹಿಳಾ ಸಂಘಟನೆಗಳ ದೂರಿನ ಮೇಲೆ ೨೦೦೩ರಲ್ಲಿ ಅದು ಮರೆಯಾಯಿತು. ಕಪ್ಪು ಬಣ್ಣವನ್ನು ಕೀಳೆಂದು ತೋರಿಸಕೂಡದೆಂದು ಜಾಹೀರಾತುದಾರರ ಮಂಡಳಿಯೇ ೨೦೧೪ರಲ್ಲಿ ನಿಯಮ ಮಾಡಿತು. ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಪೊಲೀಸನ ಮೊಣಕಾಲಿನ ಕೆಳಗೆ ಸತ್ತ ಮೇಲೆ, ೨೦೨೦ರಲ್ಲಿ, ಕಂಪನಿಯವರಿಗೆ ಇಲ್ಲಿ ಜ್ಞಾನೋದಯವಾಗಿ 'ಫೇರ್' ಹೋಗಿ 'ಗ್ಲೋ' ಬಂತು. ಹೆಸರು ತಿದ್ದಿದರು, ಹಂಬಲ ಹಾಗೇ ಉಳಿಯಿತು. ನಮ್ಮ ಪಡಸಾಲೆಯಲ್ಲಿ ಕೇಳಿಕೆಯಿಲ್ಲದಿದ್ದರೆ ಈ ಡಬ್ಬಿಗಳನ್ನು ಯಾರು ಕೊಳ್ಳುತ್ತಿದ್ದರು?

ಹೆಸರಾದ ಕಂಪನಿಯ ಮುಲಾಮು ಬರಿಯ ಹಣಕ್ಕೆ ನಷ್ಟ ಎಂದು ಬಿಡಬಹುದು. ಔಷಧಿ ಅಂಗಡಿಯಿಂದ ಗುಟ್ಟಾಗಿ ತಂದು ಹಚ್ಚುವ ಸ್ಟೀರಾಯ್ಡ್ ಮುಲಾಮಿನ ಕಥೆ ಬೇರೆ. ಗಜ್ಜಿ ಕಜ್ಜಿಗೆ ವೈದ್ಯರು ನಾಲ್ಕು ದಿನ ಬರೆದುಕೊಡುವುದನ್ನು ಇವರು ಮುಖಕ್ಕೆ ನಾಲ್ಕು ವರ್ಷ ಹಚ್ಚುತ್ತಾರೆ. ಮೊದಮೊದಲು ಮುಖ ತಿಳಿಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ ಒಳಗಿನ ರಕ್ತನಾಳ ಎದ್ದು ಕಾಣುತ್ತದೆ, ಮೊಡವೆ ಏಳುತ್ತದೆ, ಬಿಸಿಲಿಗೆ ಉರಿಯುತ್ತದೆ, ಮುಖದ ಮೇಲೆ ರೋಮ ಬೆಳೆಯುತ್ತದೆ. ಬಿಟ್ಟರೆ ಇನ್ನೂ ಕೆಂಡವಾಗುವುದರಿಂದ ಬಿಡಲೂ ಆಗುವುದಿಲ್ಲ. ೨೦೧೮ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಆಜ್ಞೆ ಮಾಡಿತು. ಚೀಟಿ ಕೇಳುವ ಅಂಗಡಿ ನಿಮ್ಮ ಬೀದಿಯಲ್ಲಿ ಎಷ್ಟಿವೆ, ನೋಡಿ. ಪಾದರಸ ಬೆರೆಸಿದವು ಇನ್ನೂ ಘೋರ. ಪಾದರಸ ಮೆಲನಿನ್ ತಯಾರಿಕೆಯನ್ನು ತಡೆಯುತ್ತದೆ, ನಿಜ. ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನೂ ಹಾಳುಮಾಡುತ್ತದೆ. ೨೦೨೩ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಆಸ್ಪತ್ರೆಗೆ ಬಂದವರನ್ನು ಪರೀಕ್ಷಿಸಿ ವೈದ್ಯರು ಹುಡುಕುತ್ತ ಹೋದಾಗ ಸಿಕ್ಕಿದ್ದು ಬೆಳ್ಳಗಾಗುವ ಕ್ರೀಮಿನ ಡಬ್ಬಿ. ಅದಕ್ಕೆ ಹಿಂದಿನ ವರ್ಷ, ೨೦೨೨ರ ಮೇ ತಿಂಗಳಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ ೨೧ ವಯಸ್ಸಿನ ಕಿರುತೆರೆಯ ನಟಿಯೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ಜೀವ ಕಳೆದುಕೊಂಡಳು. ಸುದ್ದಿ ಓದಿದ ನಮ್ಮ ಜನ ಏನೆಂದರು? "ಅಷ್ಟು ಚೆನ್ನಾಗಿಯೇ ಇದ್ದಳಲ್ಲ, ಯಾಕೆ ಬೇಕಿತ್ತು?" ಸತ್ತ ಮೇಲೂ ಅಂಕ ಕೊಡುವುದನ್ನು ಬಿಡಲಿಲ್ಲ.

ಎಲ್ಲವನ್ನೂ ಮೊಬೈಲಿನ ಮೇಲೆ ಹಾಕುವುದು ಈಗ ಹಿರಿಯರ ಸುಲಭೋಪಾಯ. ಇಲ್ಲದ ದೋಷವನ್ನು ತನ್ನ ಮೈಯಲ್ಲಿ ಕಂಡು ನವೆಯುವ ಮನೋವ್ಯಾಧಿಗೆ ಇಟಲಿಯ ವೈದ್ಯ ಮೊರ್ಸೆಲ್ಲಿ ಹೆಸರಿಟ್ಟಿದ್ದು ೧೮೯೧ರಲ್ಲಿ. ಆಗ ಫೋಟೋ ತಿದ್ದುವ ಯಂತ್ರ ಯಾರ ಕಿಸೆಯಲ್ಲೂ ಇರಲಿಲ್ಲ. ಮೊಬೈಲು ನಿರ್ದೋಷಿ ಎಂದು ನಾನು ಹೇಳುತ್ತಿಲ್ಲ. ಇನ್‌ಸ್ಟಾಗ್ರಾಮಿನ ಒಡೆಯರು ಒಳಗೊಳಗೇ ನಡೆಸಿದ್ದ ವಿಚಾರಣೆಯ ಕಾಗದಗಳು ೨೦೨೧ರಲ್ಲಿ ಹೊರಬಿದ್ದವು. ತಮ್ಮ ದೇಹದ ಬಗ್ಗೆ ನೊಂದುಕೊಂಡಾಗ ಆ ನೋವು ಇನ್‌ಸ್ಟಾಗ್ರಾಮಿನಿಂದ ಇನ್ನೂ ಹೆಚ್ಚಾಗುತ್ತದೆ ಎಂದು ಹದಿಹರೆಯದ ಹುಡುಗಿಯರಲ್ಲಿ ಸುಮಾರು ಮೂವರಲ್ಲಿ ಒಬ್ಬಳು ಹೇಳಿದ್ದಳಂತೆ. ಆ ವಾಕ್ಯವನ್ನು ಸಾವಕಾಶವಾಗಿ ಓದಬೇಕು. ನೊಂದುಕೊಂಡಾಗ, ಹೆಚ್ಚಾಗುತ್ತದೆ. ಯಂತ್ರ ಉಪ್ಪು ಸವರಿತು, ಸರಿ. ಗಾಯ ಮಾಡಿದವರು ಯಾರು?

ಈಗ ಆತ್ಮವಿಶ್ವಾಸದ ವೈದ್ಯರಿಗೆ ಬರೋಣ. ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ವ್ಯಕ್ತಿತ್ವ ವಿಕಸನ ಶಿಬಿರ ನಡೆಯುತ್ತದೆ. ಗಟ್ಟಿದನಿಯ ಭಾಷಣಕಾರರೊಬ್ಬರು ಬಂದು ಹುಡುಗಿಯರನ್ನು ಎಬ್ಬಿಸಿ ನಿಲ್ಲಿಸಿ, 'ನಾನು ಸುಂದರಿ, ನನ್ನನ್ನು ನಾನು ಪ್ರೀತಿಸುತ್ತೇನೆ' ಎಂದು ಮೂರು ಬಾರಿ ಹೇಳಿಸುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಇದು ಯಾವ ನ್ಯಾಯ? ಕಲ್ಲು ಹೊಡೆದವರನ್ನು ಬಿಟ್ಟು ಪೆಟ್ಟು ತಿಂದವಳಿಗೆ 'ನೋವಿಲ್ಲ ಎಂದುಕೋ' ಎಂಬ ಮಂತ್ರೋಪದೇಶ! ಮುಂಚೆ ಅವಳಿಗೆ ಒಂದೇ ಕೊರತೆಯಿತ್ತು, ಬಣ್ಣದ್ದು. ಶಿಬಿರ ಮುಗಿದ ಮೇಲೆ ಎರಡಾಯಿತು: ಬಣ್ಣವೂ ಇಲ್ಲ, ಆತ್ಮವಿಶ್ವಾಸವೂ ಇಲ್ಲ. ಸೋಪಿನ ಕಂಪನಿ ಕ್ರೀಮಿನ ಕಂಪನಿಗಳೂ ಈಗ ಇದೇ ಉಪದೇಶಕ್ಕೆ ಇಳಿದಿವೆ ಎಂದ ಮೇಲೆ ಅದು ಯಾರಿಗೆ ಅನುಕೂಲವೆಂಬುದು ಹೊಳೆಯಬೇಕು. ಮತ್ತೂ ಒಂದು ಮಾತು. ಎಲ್ಲ ಹುಡುಗಿಯರೂ ಸುಂದರಿಯರೇ ಎಂದು ಸಾಧಿಸಿ ತೋರಿಸುವ ಅಗತ್ಯವಾದರೂ ಏನು? ನನ್ನ ಸಹೋದ್ಯೋಗಿಗಳಲ್ಲಿ ಗಂಡಸರಿದ್ದಾರೆ. ಅವರಲ್ಲಿ ಸುಂದರರು ಬಹಳ ಕಡಿಮೆ. ಅದರಿಂದ ಅವರ ಊಟ ನಿದ್ದೆಗಳಿಗೆ ಯಾವ ಭಂಗವೂ ಬಂದಿಲ್ಲ, ಅವರನ್ನು ಯಾರೂ ಎಬ್ಬಿಸಿ ನಿಲ್ಲಿಸಿ 'ನಾನು ಸುಂದರ' ಎಂದು ಹೇಳಿಸಿಯೂ ಇಲ್ಲ. ಆ ನೆಮ್ಮದಿ ಹುಡುಗಿಯರಿಗೂ ಬೇಕು ಎಂಬುದಷ್ಟೇ ನನ್ನ ವಾದ.

ಮನಸ್ಸು ನಿಜವಾಗಿ ಕುಸಿದವಳಿಗೆ ವೈದ್ಯರ ನೆರವು ಬೇಕೇ ಬೇಕು. ನಿಮ್ಹಾನ್ಸ್ ನಮ್ಮ ಊರಿನಲ್ಲಿಯೇ ಇದೆ, ೨೦೨೨ರಲ್ಲಿ ಆರಂಭವಾದ ಸರ್ಕಾರದ ೧೪೪೧೬ ಎಂಬ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಅದಕ್ಕೆ ನಾಚಿಕೊಳ್ಳಬೇಕಾದ್ದಿಲ್ಲ. ಆದರೆ ಚಿಕಿತ್ಸೆ ಪಡೆದು ಬಂದವಳು ಮತ್ತೆ ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕಲ್ಲ?

೧೯೯೬ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದದ್ದು ನನ್ನ ವಯಸ್ಸಿನವರಿಗೆ ಚೆನ್ನಾಗಿ ನೆನಪಿದೆ. ಊರೆಲ್ಲ ಪ್ರತಿಭಟನೆ, ಪೊಲೀಸು ಪಹರೆ. ಹೆಣ್ಣನ್ನು ಸರಕು ಮಾಡುತ್ತಾರೆಂದು ಕೆಲವರು, ಸಂಸ್ಕೃತಿ ಹಾಳಾಯಿತೆಂದು ಕೆಲವರು. ಕೊನೆಗೆ ಈಜುಡುಗೆಯ ಭಾಗವನ್ನು ಸೇಶೆಲ್ಸ್ ದ್ವೀಪಕ್ಕೆ ಸಾಗಿಸಿ, ಉಳಿದದ್ದನ್ನು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನೆರವೇರಿಸಿದರು. ಹೆಣ್ಣನ್ನು ನಡೆಸಿ, ತಿರುಗಿಸಿ, ಮಾತಾಡಿಸಿ ಅಂಕ ಹಾಕುವುದು ಹೇಯವೆಂದು ಗುಡುಗಿದವರಲ್ಲಿ ಎಷ್ಟು ಮಂದಿ ಅದೇ ತಿಂಗಳು ಮಗನಿಗೆ ಹೆಣ್ಣು ನೋಡಲು ಹೋಗಿದ್ದರೋ! ಅಲ್ಲಿಯೂ ನಡಿಗೆ ನೋಡುವ ನೆಪಕ್ಕೆ ನೀರು ತರಿಸುವುದುಂಟು, ಜಡೆಯ ಉದ್ದಕ್ಕೆ ಕಣ್ಣು ಹಾಯಿಸುವುದುಂಟು, ಒಂದು ದೇವರನಾಮ ಹಾಡಿಸುವುದುಂಟು. ತೀರ್ಪುಗಾರರಿಗೆ ಉಪ್ಪಿಟ್ಟು, ಕೇಸರಿಬಾತು. ಸೋತವಳಿಗೆ ಕಾರಣವೂ ತಿಳಿಯುತ್ತದೆ: ದಲ್ಲಾಳಿಯ ಬಾಯಿಂದ, ಇಡೀ ಬೀದಿಗೆ ತಿಳಿದ ಮೇಲೆ.

"ಎಲ್ಲಾ ಸರಿ ಮೇಡಂ, ಲೋಕ ಇರುವುದೇ ಹೀಗೆ. ನಾಳೆ ಹೊರಗಿನವರು ಅನ್ನುವುದನ್ನು ಇಂದು ನಾವೇ ಅಂದು ತಯಾರು ಮಾಡುತ್ತೇವೆ" ಎಂದು ಒಬ್ಬ ತಾಯಿ ನನಗೆ ಹೇಳಿದರು. ಈ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ವರದಕ್ಷಿಣೆಯ ಲೆಕ್ಕದಲ್ಲಿ ಬಣ್ಣಕ್ಕೂ ಒಂದು ದರವಿದೆ. ಕಪ್ಪಿಗೆ ದಂಡ ಕಟ್ಟುವವರು ಹೆತ್ತವರೇ. ಅವರ ಹೆದರಿಕೆ ಸುಳ್ಳಲ್ಲ. ಆದರೆ ಹೊರಗೆ ಮಳೆ ಹೊಡೆಯುತ್ತದೆಂದು ಮನೆಯ ಹೆಂಚನ್ನು ಯಾರೂ ಮೊದಲೇ ತೆಗೆದಿಡುವುದಿಲ್ಲ. ಲೋಕದ ಮಾತನ್ನು ಲೋಕ ಆಡಲಿ. ಒಂದು ಸೂರಿನ ಕೆಳಗಾದರೂ ಆ ಮಾತು ಕೇಳಿಸದಿರಲಿ. ಇನ್ನು, "ಲೋಕ, ಲೋಕ" ಎನ್ನುತ್ತೇವಲ್ಲ, ಅದು ಯಾವುದು? ನಾನು ಎಣಿಸಿ ನೋಡಿದ್ದೇನೆ: ಇಬ್ಬರು ಅತ್ತೆಯರು, ಒಬ್ಬ ದೊಡ್ಡಮ್ಮ, ಎದುರುಮನೆಯ ನಿವೃತ್ತರು, ಸೀರೆ ಅಂಗಡಿಯಲ್ಲಿ "ನಿಮ್ಮ ಬಣ್ಣಕ್ಕೆ ಇದು ಒಪ್ಪುವುದಿಲ್ಲಮ್ಮ" ಎನ್ನುವ ಹುಡುಗ. ಇಷ್ಟು ಜನರ ಬಾಯನ್ನು ಸುಮ್ಮನಿರಿಸುವುದು ಆಗದ ಕೆಲಸವೇನಲ್ಲ. ಮಾತು ಆಡಿದರೆ ಹೋಯಿತು ಎಂಬ ಗಾದೆಯನ್ನು ಮಕ್ಕಳಿಗೆ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆಯಲು ಕೊಡುತ್ತೇವೆ. ದೊಡ್ಡವರಿಗೂ ಒಮ್ಮೆ ಕೊಡಬಹುದು.

ಪತ್ರಿಕೆಗಳೂ ಒಂದು ಕೆಲಸ ಮಾಡಬಹುದು. ೨೦೨೦ರಲ್ಲಿ ಮದುವೆ ಕುದುರಿಸುವ ಒಂದು ದೊಡ್ಡ ಅಂತರ್ಜಾಲ ಸಂಸ್ಥೆ ಬಣ್ಣದ ಪ್ರಕಾರ ವಧುವನ್ನು ಹುಡುಕುವ ಏರ್ಪಾಟನ್ನು ತೆಗೆದುಹಾಕಿತು. ಅಕ್ಷರಕ್ಕಿಷ್ಟೆಂದು ಹಣ ಪಡೆದು 'ಬೆಳ್ಳಗಿನ ವಧು ಬೇಕಾಗಿದ್ದಾಳೆ' ಎಂದು ಅಚ್ಚು ಮಾಡುವವರು ಅದೇ ಹಣಕ್ಕೆ ಆ ಒಂದು ಪದವನ್ನು ಹೊಡೆದುಹಾಕಲಿ. ಸಂಪಾದಕೀಯದಲ್ಲಿ ಸ್ತ್ರೀಸಮಾನತೆ, ಒಳಪುಟದಲ್ಲಿ ಗೋಧಿ ಬಣ್ಣ ಎಂಬ ಈ ದ್ವೈತವನ್ನು ಆಚಾರ್ಯರೂ ಒಪ್ಪಲಾರರು.

ಕೊನೆಗೆ ನನ್ನ ವೃತ್ತಿಬಾಂಧವರಿಗೆ. ವಾರ್ಷಿಕೋತ್ಸವಕ್ಕೆ ಮಂತ್ರಿಗಳು ಬರುತ್ತಾರೆಂದರೆ ಪೂರ್ಣಕುಂಭ ಹಿಡಿಯಲು ಹುಡುಗಿಯರನ್ನು ಆರಿಸುವ ಸಮಿತಿಯೊಂದು ಕೂರುತ್ತದೆ. ಹೇಗೆ ಆರಿಸುತ್ತಾರೆಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಬೆಳ್ಳಗೆ ತೆಳ್ಳಗೆ ಇರುವವರು ಮುಂಬಾಗಿಲಿಗೆ. ಪ್ರಾರ್ಥನೆ ಹಾಡುವವಳು ಕಪ್ಪಗಿದ್ದರೆ ಮೈಕಿನ ಸ್ಥಾನ ಪರದೆಯ ಪಕ್ಕಕ್ಕೆ. ಆರಿಸದೆ ಬಿಟ್ಟವರು ಕಾರಿಡಾರಿನಲ್ಲಿ ನಿಂತು ನೋಡುತ್ತಿರುತ್ತಾರೆ. ಮರುದಿನ ಅವರಿಗೇ ನಾವು ಅಕ್ಕಮಹಾದೇವಿಯನ್ನು ಪಾಠ ಹೇಳಬೇಕು. ಈ ಸಲ ಸಮಿತಿ ಬೇಡ. ಹಾಜರಿ ಪುಸ್ತಕ ತೆರೆದು ಮೊದಲಿನ ಹತ್ತು ಹೆಸರು ಕೂಗಿ, ಬಂದವರ ಕೈಗೆ ಕಲಶ ಕೊಡಿ.